ಲೋಟದಲ್ಲಿ ಉಳಿದ ಹಲ್ಲು

“ನಗ್ತಾ ನಗ್ತಾ ಹೋದ್ರಮ್ಮ ನಿಮ್ಮ ಮಾವ. ಬಾಯಿ ತುಂಬ ನಗು. ಹಲ್ಲಂತೂ ಮುತ್ತು ಪೋಣಿಸಿದ ಹಾಗೆ!”

ಅಂಗಡಿಯಾಕೆ ಹಾಗೆಂದು ಗಾಳದ ದಾರದ ಉಂಡೆಗಳನ್ನು ಮತ್ತೆ ಜೋಡಿಸತೊಡಗಿದಳು.

ಸೊಸೆಯ ಕೈ ತಾನಾಗಿಯೇ ಹೆಗಲ ಚೀಲದ ಮೇಲೆ ಹೋಯಿತು. ಚೀಲದೊಳಗೆ ಮುಚ್ಚಳವಿದ್ದ ಸ್ಟೀಲಿನ ಲೋಟ. ಲೋಟದೊಳಗೆ, ನೀರಿನಲ್ಲಿ, ಮಾವನ ಹಲ್ಲಿನ ಸೆಟ್ಟು. ಮೇಲಿನದೂ ಇತ್ತು, ಕೆಳಗಿನದೂ ಇತ್ತು.

ಮಾವನಿಗೆ ಸ್ವಂತದ್ದು ಅಂತ ಒಂದು ಹಲ್ಲೂ ಉಳಿದಿರಲಿಲ್ಲ.

ಟೆಂಟು, ವ್ಯಾನು, ರಜೆ ಎಂದು ಹಾಡು ಹೇಳಿಕೊಂಡು ಹೊರಟ ಸಂಸಾರ, ರಸ್ತೆಯೇ ಮುಗಿದುಹೋಗುವ ಈ ಕಡಲಂಚಿನ ಊರು ತಲುಪಿದ್ದು ನಿನ್ನೆ. ಇವತ್ತು ಬೆಳಗಾದಾಗ ಟೆಂಟಿನಲ್ಲಿ ಮಾವನ ಹಾಸಿಗೆ ಖಾಲಿ.

“ಏನಾದ್ರೂ ತಗೊಂಡ್ರಾ?” ಸೊಸೆ ಕೇಳಿದಳು.

“ಒಂದು ಪೊಟ್ಟಣ ಬಿಸ್ಕತ್ತು. ಗಟ್ಟಿ ಬಿಸ್ಕತ್ತು. ಇಲ್ಲೇ ಬಿಚ್ಚಿ ಕಟುಂ ಕುಟುಂ ಅಂತ ತಿಂದ್ರು. ಆಮೇಲೆ ಬಂಡೆ ಕಡೆ ಹೋದ್ರು. ಬೂದು ಸ್ವೆಟರು, ತಲೆಗೊಂದು ಟೊಪ್ಪಿ.” ಅಂಗಡಿಯಾಕೆ ಮುಖವೆತ್ತಿ ನಕ್ಕಳು. “ನೀವೇನೂ ಹೆದರ್ಕೋಬೇಡಿ. ಠಾಣೆಗೆ ಆಗಲೇ ಫೋನ್ ಮಾಡಿದೀನಿ. ಲಾಂಚಲ್ಲಿ ಬರ್ತಾರೆ.”

ಸೊಸೆ ತಲೆಯಾಡಿಸಿದಳು.

ಆ ಸೆಟ್ಟು ಅವಳ ಕೈಯಲ್ಲೇ ಹುಟ್ಟಿದ್ದು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೇರೆಯವರ ಬಾಯಿಗಾದರೆ ವೈದ್ಯರು ಕಳಿಸಿದ ಅಚ್ಚು ನೋಡಿ ಮಾಡಿ ಕಳಿಸುತ್ತಿದ್ದಳು. ಮಾವನ ವಿಷಯದಲ್ಲಿ ಮಾತ್ರ ಒಂದೊಂದು ಹಲ್ಲನ್ನೂ ಮೇಣದಲ್ಲಿ ಕೂರಿಸಿ, ಕಿತ್ತು, ಮತ್ತೆ ಕೂರಿಸಿದ್ದಳು. “ಎಲ್ಲ ಸಾಲಾಗಿ ನಿಲ್ಲಿಸಬೇಡ ಕಣಮ್ಮಾ, ಮೆರವಣಿಗೆ ಹೊರಟ ಹಾಗಿರುತ್ತೆ. ನನ್ನ ಕೋರೆಹಲ್ಲು ಮೊದಲಿಂದ ಸ್ವಲ್ಪ ಸೊಟ್ಟ. ಹಾಗೇ ಇರಲಿ,” ಎಂದಿದ್ದರು ಮಾವ. ಸೊಟ್ಟಗೇ ಕೂರಿಸಿದ್ದಳು.

ಅಷ್ಟೊಂದು ಬಿಂಕದ ಮನುಷ್ಯ. ಬೋಡುಬಾಯಿಯನ್ನು ಹೆತ್ತ ಮಗನಿಗೂ ತೋರಿಸಿದವರಲ್ಲ. ಬೆಳಿಗ್ಗೆ ಎದ್ದರೆ ಕಣ್ಣು ಬಿಡುವ ಮೊದಲು ಕೈ ಲೋಟ ಹುಡುಕುತ್ತಿತ್ತು. ಅಂಥವರು ಬರೀ ವಸಡಿನಲ್ಲಿ ಅಂಗಡಿಗೆ ಬಂದು, ಅಪರಿಚಿತ ಹೆಂಗಸಿನೆದುರು ಹಲ್ಲು ಕಿಸಿದು, ಗಟ್ಟಿ ಬಿಸ್ಕತ್ತು ಕಡಿದು ಹೋದರಂತೆ!

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತ ಗಾದೆ. ಹಲ್ಲೇ ಇಲ್ಲದವನು ಕಡಲೆ ತಿಂದ ಕಥೆಯನ್ನು ಸೊಸೆ ಇವತ್ತೇ ಕೇಳಿದ್ದು.

ಅವಳು ಅಂಗಡಿಯಿಂದ ಹೊರಗೆ ಬಂದಳು.

ಊರಿಗೆ ಇದ್ದದ್ದು ಒಂದೇ ಬೀದಿ. ಎರಡು ಕಡೆಯೂ ಗಿಡ್ಡ ಮನೆಗಳು. ಕಡಲಿನ ಕಡೆಗೆ ಯಾವ ಮನೆಗೂ ಕಿಟಕಿಯಿರಲಿಲ್ಲ. ಗೋಡೆಗಳ ಸುಣ್ಣ ಉಪ್ಪುಗಾಳಿಗೆ ಹಪ್ಪಳಿಕೆಯೆದ್ದು ಉದುರುತ್ತಿತ್ತು. ಮೋಡ ಕವಿದ ಬೆಳಗು. ಗಾಳಿಯಲ್ಲಿ ಡೀಸೆಲ್ಲಿನ ವಾಸನೆ, ಒಣಗುತ್ತಿದ್ದ ಬಲೆಗಳ ವಾಸನೆ.

ಜಗುಲಿಯ ಮೇಲೆ ಬಲೆ ಹೊಲಿಯುತ್ತಿದ್ದ ಮುದುಕನ ಮುಂದೆ ನಿಂತಳು. “ನಮ್ಮ ಮಾವನ್ನ ಏನಾದ್ರೂ...”

“ಬಂಡೆ ಕಡೆ ಹೋದ್ರು. ನಗ್ತಾ ನಗ್ತಾ ಹೋದ್ರು.” ಮುದುಕ ಬಲೆಯಿಂದ ಕಣ್ಣೆತ್ತಲಿಲ್ಲ.

ಮುಂದಿನ ಮನೆಯಲ್ಲಿ ಬಟ್ಟೆ ಹಿಂಡುತ್ತಿದ್ದವಳನ್ನು ಕೇಳಿದಳು.

“ಬಂಡೆ ಕಡೆ ಹೋದ್ರು. ನಗ್ತಾ ನಗ್ತಾ ಹೋದ್ರು.”

ಅದೇ ಮಾತು, ಅದೇ ರಾಗ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಊರ ಬಾಯಿ ಮುಚ್ಚೋಕಾಗಲ್ಲ ಅಂತಾರೆ ದೊಡ್ಡವರು. ಇಲ್ಲಿ ನೋಡಿದರೆ ಊರಿಗೆಲ್ಲ ಸೇರಿ ಒಂದೇ ಬಾಯಿ. ಅವಳು ಮೂರನೆಯವರನ್ನು ಕೇಳಲಿಲ್ಲ.

ಗಂಡ ಮಗಳನ್ನು ಕರೆದುಕೊಂಡು ಬಂಡೆಗಳ ಕಡೆ ಹುಡುಕಲು ಹೋಗಿದ್ದ. ಲೋಟ ಅವಳ ಕಣ್ಣಿಗೆ ಬಿದ್ದದ್ದು ಅವನು ಹೋದ ಮೇಲೆ. ಇನ್ನೊಂದು ಸಂಗತಿ ಮಾತ್ರ ಅವಳು ಅವನಿಗೆ ಆಗಲೇ ಹೇಳಿದ್ದಳು: ಬೆಳಿಗ್ಗೆ ಟೆಂಟಿನ ಜಿಪ್ಪು ಕೆಳಗಿನವರೆಗೂ ನೀಟಾಗಿ ಹಾಕಿತ್ತು. ಮಾವನ ಗಂಟುಗಂಟಾದ ಬೆರಳಿಗೆ ಆ ಜಿಪ್ಪು ಬಗ್ಗುತ್ತಲೇ ಇರಲಿಲ್ಲ. ಹೊರಗೆ ಹೋಗಬೇಕೆಂದರೂ ಮೊಮ್ಮಗಳನ್ನೇ ಎಬ್ಬಿಸುತ್ತಿದ್ದರು.

“ಯಾರೋ ಹೊರಗಡೆಯಿಂದ ಹಾಕಿದಾರೆ ಕಣ್ರೀ,” ಎಂದಿದ್ದಳು.

ಗಂಡ ಮಗಳ ಕೈ ಹಿಡಿದು ಹೊರಟುಬಿಟ್ಟಿದ್ದ. ಮುಖ ಮಾತ್ರ ಬಿಳಚಿಕೊಂಡಿತ್ತು.

ಅವಳ ಹೆಜ್ಜೆ ದೋಣಿ ಕಟ್ಟುವ ಜೆಟ್ಟಿಯ ಕಡೆ ತಿರುಗಿತು. ನಿನ್ನೆ ಸಂಜೆ ಮಾವ ಬದಲಾದದ್ದು ಅಲ್ಲಿ. ಮುಳುಗಿದ ದೋಣಿ, ಹಡಗುಗಳ ಸತ್ಯಾಸತ್ಯ ನೋಡಿ ವಿಮೆಯವರಿಗೆ ಹೇಳುವುದು ಮಾವ ಜೀವಮಾನವಿಡೀ ಮಾಡಿದ ಕೆಲಸ. ನಿವೃತ್ತರಾದರೂ ಕಣ್ಣು ನಿವೃತ್ತವಾಗಿರಲಿಲ್ಲ. ಜೆಟ್ಟಿಯ ಪಕ್ಕ ಕವುಚಿ ಹಾಕಿದ್ದ ದೊಡ್ಡ ದೋಣಿಯ ಬೂದು ಬಣ್ಣವನ್ನು ಉಗುರಿನಿಂದ ಕೆರೆದಿದ್ದರು. ಕೆಳಗೆ ನೀಲಿ ಕಂಡಿತ್ತು. ಮುಂಭಾಗದ ಒಂದು ತೇಪೆಯ ಮೇಲೆ ಅಂಗೈಯಿಟ್ಟು, ಹಳೆಯ ಗುರುತು ಹಿಡಿದವರಂತೆ ಬಹಳ ಹೊತ್ತು ನಿಂತಿದ್ದರು. ಊಟಕ್ಕೆ ಕೂತವರು ತಟ್ಟೆ ಮುಟ್ಟಲಿಲ್ಲ.

“ಬೆಳಕು ಹರಿದ ಕೂಡಲೇ ಹೊರಟುಬಿಡೋಣ ಕಣಮ್ಮಾ,” ಎಂದಿದ್ದರು ಸೊಸೆಗೆ ಮಾತ್ರ ಕೇಳಿಸುವಂತೆ. “ಯಾಕೆ ಅಂತ ಇಲ್ಲಿ ಕೇಳಬೇಡ. ದಾರೀಲಿ ಹೇಳ್ತೀನಿ.”

ಈಗ ಆ ಜಾಗದಲ್ಲಿ ದೋಣಿಯಿರಲಿಲ್ಲ.

ದೋಣಿಯ ಆಕಾರದಲ್ಲಿ ಹುಲ್ಲು ಬಿಸಿಲು ಕಾಣದೆ ಹಳದಿಗಟ್ಟಿತ್ತು. ಅಲ್ಲಿಂದ ಒಂದು ಅಗಲವಾದ ಜಾಡು. ಅದು ನೀರಿನ ಕಡೆ ಹೋಗಿರಲಿಲ್ಲ. ಮರಳನ್ನು ಬಗೆದುಕೊಂಡು ಊರಿನ ಕೊನೆಯಲ್ಲಿದ್ದ ಐಸ್ ಫ್ಯಾಕ್ಟರಿಯ ಹಿಂಬಾಗಿಲ ಕಡೆ ಹೋಗಿತ್ತು.

ಸೊಸೆ ಅತ್ತಿತ್ತ ನೋಡಿದಳು. ಬಲೆಗಳ ಷೆಡ್ಡಿನ ಹಿಂದೆ ಸರಿದು ಲೋಟದ ಮುಚ್ಚಳ ತೆಗೆದಳು. ಮೇಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ರವಿಕೆಯೊಳಗೆ ಸೇರಿಸಿಕೊಂಡಳು. ಕೆಳಗಿನದು ಲೋಟದಲ್ಲೇ ಉಳಿಯಿತು. ಹುಲಿಯ ಗವಿಗೆ ಹೋಗುವಾಗ ಇದ್ದದ್ದನ್ನೆಲ್ಲ ಹೊತ್ತುಕೊಂಡು ಹೋಗುವಷ್ಟು ಪೆದ್ದಿಯಲ್ಲ ಅವಳು.

ಫ್ಯಾಕ್ಟರಿಯ ಯಜಮಾನನನ್ನು ಊರವರು ಯಜಮಾನರು ಎಂದೇ ಕರೆಯುತ್ತಿದ್ದರು. ನಿನ್ನೆ ಟೆಂಟು ಹೂಡಲು ಜಾಗ ತೋರಿಸಿದವನೂ ಅವನೇ. ಎತ್ತರದ ಆಳು, ನರೆತ ಹುಬ್ಬು, ಮೊಣಕೈವರೆಗೆ ರಬ್ಬರ್ ಕೈಗವಸು. ಒಳಗೆ ಮೂಗಿಗೆ ಅಡರುವ ಅಮೋನಿಯಾ ಘಾಟು. ಗೋಡೆಯುದ್ದಕ್ಕೂ ಮರದ ಹೊಟ್ಟು ಹೊದ್ದ ಐಸಿನ ದಿಮ್ಮಿಗಳು. ಅವನು ಒಂದು ದಿಮ್ಮಿಯನ್ನು ಚೂಪು ಕಬ್ಬಿಣದಿಂದ ಒಡೆಯುತ್ತಿದ್ದ.

“ಬನ್ನಿ ತಾಯಿ, ಬನ್ನಿ. ಥಂಡಿ ಆಚೆ ಹೋಗುತ್ತೆ, ಬಾಗಿಲು ಹಾಕ್ಕೊಳ್ಳಿ.”

ಅವಳು ಬಾಗಿಲು ಹಾಕಲಿಲ್ಲ.

“ನಮ್ಮ ಮಾವನ್ನ ನೀವು ನೋಡಿದ್ರಾ ಯಜಮಾನ್ರೇ?”

“ನೋಡದೆ ಏನು? ಇಲ್ಲೇ ಬಾಗಿಲಲ್ಲಿ ನಿಂತು ಮಾತಾಡಿಸಿದ್ರು. ಸಮುದ್ರ ಚೆನ್ನಾಗಿದೆ, ಊರು ಚೆನ್ನಾಗಿದೆ ಅಂದ್ರು. ಒಳ್ಳೆ ಮಾತುಗಾರರು ಬಿಡಿ.”

“ಮಾತು ಸ್ಪಷ್ಟವಾಗಿತ್ತಾ?”

ಕಬ್ಬಿಣ ಅರೆಗಳಿಗೆ ಗಾಳಿಯಲ್ಲಿ ನಿಂತಿತು. “ಅಂದ್ರೆ?”

“ತೊದಲ್ತಾ ಇದ್ರಾ ಅಂತ ಕೇಳಿದೆ.”

“ಛೆ ಛೆ. ಗಂಟೆ ಹೊಡೆದ ಹಾಗಿತ್ತು ಮಾತು.”

ಸೊಸೆ ಲೋಟವನ್ನು ತೆಗೆದು ಅವನ ಮುಂದಿನ ಮಣೆಯ ಮೇಲಿಟ್ಟಳು. ಮುಚ್ಚಳ ತೆಗೆದಳು. ಮುಚ್ಚಳ ಕೈಜಾರಿ ಠಣ್ಣೆಂದು ಉರುಳಿತು.

“ಹಾಗಾದ್ರೆ ಇದು ಯಾರದು?”

ಅವನು ಬಗ್ಗಿ ನೋಡಿದ. ಸಿಟ್ಟಾಗಲಿಲ್ಲ. ಬೆಚ್ಚಲೂ ಇಲ್ಲ. ಕೈಗವಸಿನ ಬೆರಳಿನಿಂದ ಹಲ್ಲನ್ನು ನೀರಿನಿಂದೆತ್ತಿ, ಬಾಗಿಲ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಸಂತೆಯಲ್ಲಿ ಬದನೆಕಾಯಿ ನೋಡುವವನ ಹಾಗೆ.

“ಒಳ್ಳೆ ಕೈ ತಾಯಿ ನಿಮ್ಮದು,” ಎಂದ. “ಮನೆಯವರಿಗೆ ಅಂತ ಮಾಡಿದ್ರೆ ಆ ಮುತುವರ್ಜಿನೇ ಬೇರೆ.”



ಅವಳು ಏನು ಕೆಲಸ ಮಾಡುತ್ತಾಳೆಂದು ಈ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಂಗಡಿಯಾಕೆ ನಿನ್ನೆ ಕೇಳಿದ್ದಕ್ಕೂ “ಹೀಗೇ, ಒಂದು ಲ್ಯಾಬಲ್ಲಿ” ಎಂದು ತೇಲಿಸಿದ್ದಳು.

“ಹಲ್ಲು ಮಾಡೋಳು ನಾನು ಅಂತ ನಿಮಗೆ ಯಾರು ಹೇಳಿದ್ರು?”

ಯಜಮಾನನ ಹುಬ್ಬು ಮೇಲೆದ್ದಿತು. ತುಟಿಯಂಚಿನ ನಗು ಹಾಗೇ ಇತ್ತು, ಆದರೆ ಕಣ್ಣು ನಗುವುದನ್ನು ನಿಲ್ಲಿಸಿತು.

ಅವನ ಬಾಯಿ ಜಾರಿತ್ತು. ಜಾರಿದ್ದು ಅವನಿಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ಸೊಸೆಯ ಎದೆಯಲ್ಲಿ ಭಯದ ನಡುವೆಯೇ ಒಂದು ಕಿಡಿ ಹೊತ್ತಿತು. ಮಾವ ಹೇಳಿದ್ದಾರೆ. ಹಲ್ಲಿಲ್ಲದ ಬಾಯಿಯ ಬಗ್ಗೆ ಯಾರೋ ಕೇಳಿದ್ದಾರೆ, ನನ್ನ ಸೊಸೆ ಮಾಡಿಕೊಟ್ಟ ಹಲ್ಲು ಟೆಂಟಿನಲ್ಲಿದೆ ಎಂದು ಮಾವ ತೊದಲಿದ್ದಾರೆ. ಅಂದರೆ ಬದುಕಿದ್ದಾರೆ. ಅಷ್ಟು ಹೇಳುವ ತನಕವಂತೂ ಬದುಕಿದ್ದರು. ಆ ‘ತನಕ’ ಎಂಬ ಮಾತು ಮನಸ್ಸಿಗೆ ಬಂದದ್ದೇ ಕಿಡಿ ಆರಿತು.

“ಎಲ್ಲಿದಾರೆ ಅವರು?” ಅವಳು ಕೂಗಿದಳು. “ಆ ದೋಣಿ ಎಲ್ಲಿ ಹೋಯ್ತು? ಅವರಿಗೆ ಮಾತ್ರೆ ತಗೊಳ್ಳೋ ಹೊತ್ತು. ಬಿ.ಪಿ. ಇದೆ. ಏನು ಮಾಡಿದ್ರಿ ನಮ್ಮ ಮಾವನ್ನ?”

“ನಿಮ್ಮ ಮಗಳು ಹೇಳಿದ್ಲು ತಾಯಿ.” ಅವನ ಧ್ವನಿ ಇನ್ನೂ ಮೆತ್ತಗಾಯಿತು. “ನೀವು ಹಲ್ಲು ಮಾಡ್ತೀರಿ ಅಂತ. ಏನು ಹೆಸರಿಂದ ಕರೀತೀರಿ ಅವಳನ್ನ... ಚಿನಕುರುಳಿ, ಅಲ್ವಾ? ಸರಿಯಾದ ಹೆಸರು. ಬಾಯಿಗೆ ಬೀಗಾನೇ ಇಲ್ಲ.”

“ಯಾವಾಗ ಹೇಳಿದ್ಲು?”

“ಈಗ ತಾನೇ.”

“ಸುಳ್ಳು. ಅವಳು ಬಂಡೆ ಹತ್ರ ಅವರಪ್ಪನ ಜೊತೆ ಇದಾಳೆ.”

“ಇದ್ಲು,” ಎಂದ ಯಜಮಾನ.

ಹಲ್ಲನ್ನು ಲೋಟಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಅಂಗೈಯಿಟ್ಟುಕೊಂಡ.

ಸೊಸೆ ಲೋಟಕ್ಕಾಗಿ ಕೈ ಚಾಚಲಿಲ್ಲ. ಓಡಿದಳು.

ಮರಳಿನಲ್ಲಿ ಓಡುವುದೆಂದರೆ ಕನಸಿನಲ್ಲಿ ಓಡಿದ ಹಾಗೆ, ಕಾಲೆತ್ತಿದಷ್ಟೂ ಹೂಳುತ್ತದೆ. ಚಪ್ಪಲಿ ಒಂದು ಕಡೆ ಉಳಿಯಿತು, ಇನ್ನೊಂದನ್ನು ಅವಳೇ ಒದ್ದೆಸೆದಳು. ಬಂಡೆಗಳ ಬಳಿ ತಲುಪುವಷ್ಟರಲ್ಲಿ ಬಾಯಲ್ಲಿ ರಕ್ತದ ರುಚಿ.

“ಚಿನಕುರುಳೀ! ಎಲ್ಲಿದೀಯೇ? ಏನ್ರೀ! ಏನ್ರೀ!”

ಅಲೆ ಬಂಡೆಗೆ ಬಡಿದು ಅವಳ ಕೂಗನ್ನು ಪುಡಿ ಮಾಡಿತು. ಯಾರೂ ಇರಲಿಲ್ಲ. ಬಂಡೆಯ ಸಂದಿಗಳಲ್ಲಿ ಬಗ್ಗಿ ನೋಡಿದಳು. ಪ್ರತಿ ಸಂದಿಗೂ ಬಗ್ಗುವ ಮೊದಲು ಕಣ್ಣು ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಏಡಿಗಳು ಸರಸರನೆ ಸರಿದವು. ಅಷ್ಟೇ.

ಎತ್ತರದ ಬಂಡೆ ಹತ್ತಿ ಊರಿನ ಕಡೆ ನೋಡಿದಳು.

ಜೆಟ್ಟಿಯ ಬಳಿ ಬಿಳಿ ಲಾಂಚು ನಿಂತಿತ್ತು. ಸಮವಸ್ತ್ರದ ಇಬ್ಬರು. ಅವರ ಪಕ್ಕ ಗಂಡ. ಗಂಡನ ಕಾಲಿಗೆ ಒತ್ತಿಕೊಂಡು ನಿಂತ ಕೆಂಪು ಫ್ರಾಕು.

ಅವಳಿಗೆ ಅಲ್ಲೇ ಕುಸಿದು ಕೂತು ಅಳಬೇಕೆನಿಸಿತು. ಹೋದ ಜೀವ ಬಂದ ಹಾಗಾಯಿತು. ಬಿದ್ದೆನೋ ಎದ್ದೆನೋ ಎಂದು ಇಳಿದು ಓಡಿದಳು.

ಅರ್ಧ ದಾರಿಯಲ್ಲಿ ಟೆಂಟಿನ ಜಾಗ ಸಿಕ್ಕಿತು. ಟೆಂಟಿರಲಿಲ್ಲ. ಎಲ್ಲವನ್ನೂ ಮಡಚಿ ವ್ಯಾನಿಗೆ ತುಂಬಿಯಾಗಿತ್ತು. ಮರಳನ್ನು ಯಾರೋ ಪೊರಕೆಯಿಂದ ಗುಡಿಸಿದ್ದರು. ರಜೆಗೆ ಬಂದವರು ಜಾಗ ಬಿಡುವಾಗ ಕಸ ಎತ್ತುವುದುಂಟು. ಸಮುದ್ರದ ದಂಡೆಯನ್ನು ಗುಡಿಸಿ ಹೋದದ್ದನ್ನು ಯಾರೂ ಕಂಡಿಲ್ಲ.

ಜೆಟ್ಟಿ ತಲುಪಿದವಳೇ ಮಗಳನ್ನು ಬಾಚಿ ತಬ್ಬಿದಳು. ಮಗುವಿನ ಮೈ ಮರಗಟ್ಟಿತ್ತು. ಇಡೀ ದಾರಿ ವಟವಟ ಎಂದು ವ್ಯಾನನ್ನೇ ತಲೆ ಮೇಲೆ ಹೊತ್ತಿದ್ದ ಹುಡುಗಿ ಈಗ ತುಟಿ ಪಿಟಕ್ಕೆನ್ನಲಿಲ್ಲ.

“ಇವರೇನಾ?” ಎಂದು ಅಧಿಕಾರಿ ಕೇಳಿದ. ನಡುವಯಸ್ಸಿನವನು, ದಣಿದ ಮುಖ, ಕೆಟ್ಟವನಂತೆ ಕಾಣಲಿಲ್ಲ.

“ಸಾರ್, ನಮ್ಮ ಮಾವನ್ನ ಇವರು ಎಲ್ಲೋ ಇಟ್ಟಿದಾರೆ. ಐಸ್ ಫ್ಯಾಕ್ಟರೀಲಿ ನೋಡಿ ಸಾರ್, ಹಿಂಬಾಗಿಲ ತನಕ ದೋಣಿ ಎಳೆದ ಜಾಡಿದೆ. ಅದು ಮುಳುಗಿಹೋಯ್ತು ಅಂತ ಸುಳ್ಳು ಬರೆಸಿದ ದೋಣಿ ಇರ್ಬೇಕು, ನಮ್ಮ ಮಾವಂಗೆ ಗೊತ್ತಾಗಿತ್ತು. ಈ ಅಂಗಡಿಯಮ್ಮ ಸುಳ್ಳು ಹೇಳ್ತಿದಾರೆ. ಅವರು ನಗ್ತಾ ಹೋದ್ರು, ಬಿಸ್ಕತ್ತು ತಿಂದ್ರು ಅಂತ...”

“ನಾನಾ?” ಅಧಿಕಾರಿಯ ಹಿಂದೆ ನಿಂತಿದ್ದ ಅಂಗಡಿಯಾಕೆ ಎದೆ ಮೇಲೆ ಕೈಯಿಟ್ಟುಕೊಂಡಳು. “ಯಾವ ಮಾವ ಸಾರ್? ಇವರು ಬಂದಿದ್ದೇ ಗಂಡ, ಹೆಂಡ್ತಿ, ಮಗು. ನಿನ್ನೆಯಿಂದ ನಾನು ಬೇರೆ ಯಾರನ್ನೂ ನೋಡಿಲ್ಲ.”

ಸೊಸೆಗೊಂದು ಕಥೆ, ಪೊಲೀಸರಿಗೊಂದು ಕಥೆ. ಎರಡನ್ನೂ ಬೆಳಿಗ್ಗೆಯೇ ಹೆಣೆದಿಟ್ಟಿದ್ದರು.

“ಫೋನ್ ಬಂದಿದ್ದು ನಿಮ್ಮ ವಿಷಯಕ್ಕೇ ಅಮ್ಮ,” ಅಧಿಕಾರಿ ಮೆಲ್ಲಗೆ ಹೇಳಿದ. “ಯಾರೋ ಹೆಣ್ಮಗಳಿಗೆ ತಲೆ ಸರಿಯಿಲ್ಲ, ಮನೆಮನೆಗೆ ಹೋಗಿ ಯಾರನ್ನೋ ಕೇಳ್ತಿದಾರೆ ಅಂತ.”

“ನನ್ನ ತಲೆ ನೆಟ್ಟಗಿದೆ!” ಅವಳು ಕರವಸ್ತ್ರ ತೆಗೆದು ಬಿಚ್ಚಿ ಹಿಡಿದಳು. “ಇದು ನೋಡಿ ಸಾರ್. ಮಾವನ ಹಲ್ಲು. ಅವರು ಇಲ್ಲದೆ ಇದು ಇಲ್ಲಿಗೆ ಹೇಗೆ ಬಂತು? ನನ್ನನ್ನು ಬಿಡಿ, ಇವರನ್ನ ಕೇಳಿ. ಹೆತ್ತ ಮಗ ಇವರು. ಹೇಳ್ರೀ!”

ಎಲ್ಲರೂ ಗಂಡನ ಕಡೆ ತಿರುಗಿದರು.

ಅವನು ಹೆಂಡತಿಯ ಮುಖ ನೋಡಲಿಲ್ಲ. ಕರವಸ್ತ್ರದ ಮೇಲಿದ್ದ ಹಲ್ಲನ್ನು ನೋಡಿದ. ಕತ್ತಿನ ನರ ಒಮ್ಮೆ ಹಾರಿತು.

“ಹಲ್ಲು ಕಟ್ಟೋದು ಇವಳ ಕೆಲಸ ಸಾರ್,” ಎಂದ. “ಇಂಥದ್ದು ಇವಳ ಚೀಲದಲ್ಲಿ ಯಾವಾಗಲೂ ಇರುತ್ತೆ. ನಮ್ಮಪ್ಪ ನಮ್ಮ ಜೊತೆ ಬಂದಿಲ್ಲ.”

ಸೊಸೆ ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿದಳು.

“ಏನಂದ್ರಿ?”

“ಅಪ್ಪ ಮನೇಲಿದಾರೆ ಕಣೇ. ನಿಂಗೆ ಎಷ್ಟು ಸಲ ಹೇಳೋದು?”

ಅಧಿಕಾರಿ ಮಗುವಿನ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತ. “ಪುಟ್ಟಾ, ನೀನು ಹೇಳಮ್ಮ. ನಿಮ್ಮ ಜೊತೆ ತಾತ ಬಂದಿದ್ರಾ?”

ಚಿನಕುರುಳಿ ಅಮ್ಮನ ಕಡೆ ನೋಡಲಿಲ್ಲ. ಅವಳ ಗಲ್ಲ ನಡುಗುತ್ತಿತ್ತು. ಬಾಯಿಪಾಠ ಮರೆತುಹೋದೀತೆಂದು ಹೆದರಿದವಳ ಹಾಗೆ ಒಂದೇ ಉಸಿರಿಗೆ ಹೇಳಿದಳು:

“ಇಲ್ಲ ಅಂಕಲ್. ತಾತ ಮನೇಲಿದಾರೆ. ಅಮ್ಮಂಗೆ ಹುಷಾರಿಲ್ಲ.”

ಅಧಿಕಾರಿ ನಿಟ್ಟುಸಿರು ಬಿಟ್ಟು ಎದ್ದ. ಅವನ ಕಣ್ಣಿನಲ್ಲಿದ್ದದ್ದು ಕನಿಕರ. ಆ ಕನಿಕರವೇ ಸೊಸೆಯನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಅನುಮಾನ ಪಡುವವನ ಜೊತೆ ವಾದಿಸಬಹುದು; ಅಯ್ಯೋ ಪಾಪ ಎನ್ನುವವನಿಗೆ ಏನು ಹೇಳುವುದು?

“ಬನ್ನಿ ಅಮ್ಮ. ಲಾಂಚಲ್ಲಿ ಕೂತ್ಕೊಳ್ಳಿ. ಆಚೆ ದಡದಲ್ಲಿ ಆಸ್ಪತ್ರೆ ಇದೆ, ಡಾಕ್ಟ್ರು ಒಂದು ಸಲ ನೋಡ್ಲಿ.”

“ನನ್ನ ಮಗಳೂ ಬರ್ತಾಳೆ.”

“ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲ. ಮಗೂನ ಅವರಪ್ಪ ವ್ಯಾನಲ್ಲಿ ಕರ್ಕೊಂಡು ಬರ್ತಾರೆ. ರಸ್ತೆ ಸುತ್ತಾದ್ರೂ ಸಂಜೆಗೆ ಸೇರ್ತಾರೆ.”

“ನಾನು ಹತ್ತಲ್ಲ! ಅವಳನ್ನ ಬಿಟ್ಟು ಹತ್ತಲ್ಲ!”

ಗಂಡ ಅವಳ ರಟ್ಟೆ ಹಿಡಿದ. ಹಿಡಿತ ಬಿಗಿಯಾಗಿತ್ತು. ಲಾಂಚಿನ ಮೆಟ್ಟಿಲಿಗೆ ಅವಳನ್ನು ತಳ್ಳುತ್ತ, ತುಟಿ ಅಲ್ಲಾಡಿಸದೆ, ಕಿವಿಯ ಬಳಿ ಎರಡೇ ಮಾತು ಹೇಳಿದ.

“ಹತ್ತು. ನೀನಾದ್ರೂ ಉಳಿ.”

ಅವಳು ತಿರುಗಿ ನೋಡುವಷ್ಟರಲ್ಲಿ ಅವನು ಹಿಂದೆ ಸರಿದಿದ್ದ. ಮುಖ ಮತ್ತೆ ಹಲಗೆಯಂತಾಗಿತ್ತು. ಪೇದೆ ಹಗ್ಗ ಬಿಚ್ಚಿಯಾಗಿತ್ತು. ಅವಳು ಕಿರುಚಿದ್ದು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಅಧಿಕಾರಿಯ ಕೈ ಅವಳ ಭುಜವನ್ನು ಮೆತ್ತಗೆ, ಆದರೆ ಬಿಡದಂತೆ ಹಿಡಿದಿತ್ತು.

ದಡ ದೂರವಾಯಿತು. ಅಂಗಡಿಯಾಕೆ ಚಿನಕುರುಳಿಯ ಕೈ ಹಿಡಿದು ವ್ಯಾನಿಗೆ ಹತ್ತಿಸಿದಳು. ಆಮೇಲೆ ತಾನೂ ಹತ್ತಿದಳು. ಗಂಡ ವ್ಯಾನು ಹೊರಡಿಸಿದ.

ಊರು ಬಿಟ್ಟು ಹೋಗುವ ರಸ್ತೆ ಎಡಕ್ಕಿತ್ತು.

ವ್ಯಾನು ಬಲಕ್ಕೆ ತಿರುಗಿತು. ಬೀದಿಯ ಕೊನೆಯಲ್ಲಿ ಐಸ್ ಫ್ಯಾಕ್ಟರಿಯ ದೊಡ್ಡ ಬಾಗಿಲು ಒಳಗಿನಿಂದ ತೆರೆದುಕೊಂಡಿತು, ವ್ಯಾನು ಒಳಗೆ ಹೋಯಿತು, ಬಾಗಿಲು ಮುಚ್ಚಿತು.